ಮನೆಯೊಳಗಿನ ಮೊಳಕೆ: ಆರೈಕೆ ಮತ್ತು ಎಚ್ಚರಿಕೆ

ಅಂಗಳವಿಲ್ಲದ ಮಹಾನಗರದ ಮನೆಗಳಲ್ಲಿ ಕಿಟಕಿಯ ಕಟ್ಟೆಯೇ ಕೈತೋಟ. ಅಲ್ಲಿ ಸುಲಭವಾಗಿ ಬೆಳೆಯಬಲ್ಲುದು ಮೆಂತ್ಯ. ಒಣಬೀಜದಲ್ಲಿ ಜೀವವು ಸುಪ್ತವಾಗಿರುತ್ತದೆ. ನೀರು, ಗಾಳಿ, ಹಿತವಾದ ಬಿಸುಪು ಒದಗಿದೊಡನೆ ಎಚ್ಚರಗೊಳ್ಳುತ್ತದೆ. ಬೀಜದಳಗಳಲ್ಲಿ ಸಂಗ್ರಹವಾಗಿರುವ ಆಹಾರವೇ ಎಳೆಸಸಿಯ ಮೂಲ ಬಂಡವಾಳ. ಅದು ಕರಗುವ ಮುನ್ನವೇ ಹಸಿರೆಲೆಗಳು ಬೆಳಕಿನ ನೆರವಿನಿಂದ ಸ್ವಂತ ಸಂಪಾದನೆಗೆ ತೊಡಗಬೇಕು.

ಬೀಜವನ್ನು ರಾತ್ರಿ ನೆನೆಸಿ, ತಳದಲ್ಲಿ ರಂಧ್ರಗಳಿರುವ ತಟ್ಟೆಯ ಸಡಿಲ ಮಣ್ಣಿನ ಮೇಲೆ ಹರಡಿ, ಅರ್ಧ ಸೆಂಟಿಮೀಟರಿನಷ್ಟು ಮಣ್ಣು ಮುಚ್ಚಬೇಕು. ಸಾಮಾನ್ಯವಾಗಿ 3ರಿಂದ 5 ದಿನಗಳಲ್ಲಿ ಮೊಳಕೆ ತಲೆಯೆತ್ತುತ್ತದೆ. ಬೆಳಕು ಸಾಲದಿದ್ದರೆ ಸಸಿಯು ಬಿಳಿಚಿಕೊಂಡು ನೀಳವಾಗಿ ಬಾಗುತ್ತದೆ. ನೀರು ಅತಿಯಾದರೆ ಶಿಲೀಂಧ್ರ ತಗುಲಿ ಬುಡ ಕೊಳೆಯುತ್ತದೆ. ಆದುದರಿಂದ ಮೇಲ್ಮಣ್ಣು ಒಣಗತೊಡಗಿದಾಗ ಮಾತ್ರ ನೀರುಣಿಸುವುದು ಲೇಸು.

ಇದೇ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಹಸಿಯಾಗಿ ತಿನ್ನುವವರೂ ಉಂಟು. ಮೊಳಕೆ ಪುಷ್ಟಿಕರವೇ. ಆದರೆ ಬೀಜವನ್ನು ಎಚ್ಚರಿಸುವ ತೇವ ಮತ್ತು ಬಿಸುಪು ಅದಕ್ಕಂಟಿದ ರೋಗಾಣುಗಳನ್ನೂ ವೃದ್ಧಿಗೊಳಿಸುತ್ತವೆ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಸೋಂಕು ಹಬ್ಬಿ 3,000ಕ್ಕೂ ಹೆಚ್ಚು ಜನ ಅಸ್ವಸ್ಥರಾದರು; 50ರಷ್ಟು ಮಂದಿ ಅಸುನೀಗಿದರು. ತನಿಖೆಯು ಕೊನೆಗೆ ಬೆರಳು ತೋರಿದ್ದು ಮೆಂತ್ಯದ ಮೊಳಕೆಯತ್ತ! ಬರಿಯ ತೊಳೆಯುವಿಕೆಯಿಂದ ಇಂತಹ ಅಣುಜೀವಿಗಳು ಪೂರ್ಣವಾಗಿ ನೀಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ನಾಶವಾಗುತ್ತವೆ. ಗರ್ಭಿಣಿಯರು, ಎಳೆಯ ಮಕ್ಕಳು, ವೃದ್ಧರು ಹಾಗೂ ದುರ್ಬಲರು ಬೇಯಿಸಿದ ಮೊಳಕೆಯನ್ನೇ ಸೇವಿಸತಕ್ಕದ್ದು. ಬಿತ್ತನೆಗೆಂದು ಔಷಧ ಲೇಪಿಸಿ ಮಾರುವ ಬೀಜವನ್ನಂತೂ ಯಾರೂ ತಿನ್ನಲಾಗದು.

ಸಸಿಗೆ ಬೆಳಕು, ಮೊಳಕೆಗೆ ಬೆಂಕಿ: ಇಷ್ಟನ್ನು ನೆನಪಿನಲ್ಲಿಟ್ಟರೆ ಕಿಟಕಿಯ ಕೈತೋಟವು ಆರೋಗ್ಯದ ತವರಾದೀತು.