ರಾಜಧಾನಿಯೋ ಉಪಗ್ರಹ ನಗರವೋ: ಲಂಡನ್ ಪ್ರದೇಶದಲ್ಲಿ ವಲಸೆಗಾರನ ವಾಸಸ್ಥಳದ ಆಯ್ಕೆ

ಪರದೇಶದಲ್ಲಿ ನೆಲಸಲು ಹೊರಟವರು ದೇಶವನ್ನು ಬಹಳ ಆಲೋಚಿಸಿ ಆರಿಸುತ್ತಾರೆ. ಊರನ್ನು ಮಾತ್ರ ಬಹುಮಟ್ಟಿಗೆ ಆಕಸ್ಮಿಕಕ್ಕೆ ಬಿಟ್ಟಿರುತ್ತಾರೆ. ಪರಿಚಿತರೊಬ್ಬರು ವಾಸವಾಗಿರುವ ಬೀದಿ, ಮೊದಲು ದೊರೆತ ಕೋಣೆ, ಯಾರೋ ಹೇಳಿದ ಬಾಡಿಗೆಯ ಮಾತು, ಇವೇ ನಿರ್ಣಾಯಕವಾಗಿಬಿಡುತ್ತವೆ. ಆದರೆ ವಲಸೆ ಹೋದವನ ದಿನಚರಿಯನ್ನೂ ಉಳಿತಾಯವನ್ನೂ ಸಂಸಾರದ ನೆಮ್ಮದಿಯನ್ನೂ ರೂಪಿಸುವುದು ದೇಶಕ್ಕಿಂತ ಹೆಚ್ಚಾಗಿ ಊರೇ. ಅದರಲ್ಲಿಯೂ ರಾಜಧಾನಿಯಲ್ಲಿಯೇ ಇರಬೇಕೋ, ಅದರ ಸುತ್ತಣ ಉಪಗ್ರಹ ನಗರಗಳಲ್ಲೊಂದನ್ನು ಆರಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಮಹಾನಗರವಿರುವ ಪ್ರತಿಯೊಂದು ದೇಶದಲ್ಲಿಯೂ ಏಳುತ್ತದೆ.

ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಲಂಡನ್ ಪ್ರದೇಶವನ್ನು ಉದಾಹರಣೆಯಾಗಿಟ್ಟುಕೊಂಡು ವಿವೇಚಿಸುತ್ತೇವೆ. ಇದಕ್ಕೆ ಎರಡು ಕಾರಣಗಳುಂಟು. ಉಪಗ್ರಹ ನಗರವೆಂಬ ಕಲ್ಪನೆ ಶಾಸನದ ಬಲದೊಡನೆ, ಯೋಜನಾಪೂರ್ವಕವಾಗಿ ಕಾರ್ಯರೂಪಕ್ಕೆ ಬಂದ ಪ್ರಮುಖ ಕ್ಷೇತ್ರ ಅದು. ನಮ್ಮ ಕಾಲೇಜುಗಳಿಂದ ಹೊರಟ ವಿದ್ಯಾರ್ಥಿಗಳಲ್ಲಿಯೂ ವೃತ್ತಿನಿರತರಲ್ಲಿಯೂ ಅನೇಕರು ಹೋಗಿ ಸೇರುವ ಸ್ಥಳವೂ ಅದೇ.

೧. ಉಪಗ್ರಹ ನಗರದ ಹುಟ್ಟು

ಮೊದಲು ಪರಿಭಾಷೆಯ ವಿಚಾರ. ಬೆಂಗಳೂರಿನವರಿಗೆ ‘ಕೆಂಗೇರಿ ಉಪನಗರ’ ಎಂಬ ಹೆಸರು ಪರಿಚಿತವಾದದ್ದು. ಅದನ್ನೇ ಇಂಗ್ಲಿಷಿನಲ್ಲಿ ಸ್ಯಾಟಲೈಟ್ ಟೌನ್ ಎಂದೂ ಕರೆಯುತ್ತೇವೆ. ಆದರೆ ಭೂಗೋಳಶಾಸ್ತ್ರದ ದೃಷ್ಟಿಯಿಂದ ಉಪನಗರ ಬೇರೆ, ಉಪಗ್ರಹ ನಗರ ಬೇರೆ. ಉಪನಗರವು ಮೂಲನಗರಕ್ಕೆ ಅಂಟಿಕೊಂಡು ಬೆಳೆದ ವಸತಿಪ್ರದೇಶ. ಉಪಗ್ರಹ ನಗರವಾದರೋ ಮೂಲನಗರದಿಂದ ಬಯಲಿನ ಅಂತರವಿಟ್ಟುಕೊಂಡು, ತನ್ನದೇ ಆದ ಕಾರ್ಖಾನೆ, ಕಚೇರಿ, ಪೇಟೆ, ಶಾಲೆಗಳನ್ನು ಹೊಂದಿ, ಆದರೂ ಮೂಲನಗರದ ಆಕರ್ಷಣೆಗೆ ಒಳಪಟ್ಟಿರುವ ಊರು. ಈ ದೃಷ್ಟಿಯಿಂದ ಸೌಥಾಲ್ ಲಂಡನ್ನಿನ ಒಂದು ಉಪನಗರ. ಸ್ಲೌ ಅದರ ಉಪಗ್ರಹ.

ಈ ಕಲ್ಪನೆಗೆ ತಳಹದಿ ಹಾಕಿದವನು ಎಬೆನೆಜರ್ ಹೊವರ್ಡ್. ೧೮೯೮ರಲ್ಲಿ ಪ್ರಕಟವಾದ ಅವನ ಗ್ರಂಥ ನಗರದ ಉದ್ಯೋಗವನ್ನೂ ಹಳ್ಳಿಯ ಗಾಳಿಬೆಳಕನ್ನೂ ಕೂಡಿಸಿದ ‘ಉದ್ಯಾನನಗರ’ಗಳನ್ನು ಪ್ರತಿಪಾದಿಸಿತು. ಅದರಂತೆ ೧೯೦೩ರಲ್ಲಿ ಲೆಚ್‌ವರ್ತ್, ೧೯೨೦ರಲ್ಲಿ ವೆಲ್ವಿನ್ ಗಾರ್ಡನ್ ಸಿಟಿ ಪ್ರಾರಂಭವಾದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೪ರಲ್ಲಿ, ಪ್ಯಾಟ್ರಿಕ್ ಅಬರ್‌ಕ್ರಾಂಬಿ ಸಿದ್ಧಪಡಿಸಿದ ವಿಶಾಲ ಲಂಡನ್ ಯೋಜನೆಯು ನಗರದ ಸುತ್ತ ಹಸಿರು ವಲಯವನ್ನು ಕಾಯ್ದಿರಿಸಿ, ಅದರಾಚೆಗೆ ಹೊಸ ಊರುಗಳನ್ನು ಕಟ್ಟಬೇಕೆಂದು ಸೂಚಿಸಿತು. ೧೯೪೬ರಲ್ಲಿ ನೂತನ ನಗರಗಳ ಕಾಯಿದೆ ಅಂಗೀಕೃತವಾಯಿತು. ಅದೇ ವರ್ಷ ಸ್ಟೀವನೇಜ್ ಮೊದಲ ನೂತನ ನಗರವೆಂದು ಗೊತ್ತಾಯಿತು. ೧೯೪೯ರೊಳಗೆ ಕ್ರಾಲಿ, ಹೆಮೆಲ್ ಹೆಂಪ್‌ಸ್ಟೆಡ್, ಹಾರ್ಲೋ, ಹ್ಯಾಟ್‌ಫೀಲ್ಡ್, ವೆಲ್ವಿನ್ ಗಾರ್ಡನ್ ಸಿಟಿ, ಬ್ಯಾಸಿಲ್ಡನ್, ಬ್ರ್ಯಾಕ್ನೆಲ್ ಸೇರಿ ಲಂಡನ್ನಿನ ಸುತ್ತ ಇಂತಹ ಎಂಟು ನಗರಗಳಾದುವು. ಮತ್ತಷ್ಟು ದೂರದಲ್ಲಿ, ಸುಮಾರು ೮೦ ಕಿಲೋಮೀಟರುಗಳಾಚೆ, ಮಿಲ್ಟನ್ ಕೀನ್ಸ್ ೧೯೬೭ರಲ್ಲಿ ಸೇರಿಕೊಂಡಿತು. ಇವಲ್ಲದೆ ಸ್ಲೌ, ರೆಡಿಂಗ್ ಮುಂತಾದ ಹಳೆಯ ಊರುಗಳು ಯಾವ ಕಾಯಿದೆಯ ನೆರವೂ ಇಲ್ಲದೆ, ರೈಲುಮಾರ್ಗ ಮತ್ತು ಉದ್ಯಮಗಳ ಬಲದಿಂದಲೇ ಉಪಗ್ರಹಗಳಾದುವು.

ಈ ನಗರಗಳ ಮೂಲ ಆದರ್ಶ ‘ಸ್ವಯಂಪೂರ್ಣತೆ’. ಪ್ರಾರಂಭದ ವರ್ಷಗಳಲ್ಲಿ ನೂತನ ನಗರದ ಮನೆಯನ್ನು ಸಾಮಾನ್ಯವಾಗಿ ಆ ಊರಿನಲ್ಲಿಯೇ ಕೆಲಸ ದೊರೆತವನಿಗೆ ಕೊಡುತ್ತಿದ್ದರು. ಮನೆಯೂ ಕೆಲಸವೂ ಒಂದೇ ಗಂಟಿನಲ್ಲಿದ್ದುವು. ಕಾಲಕ್ರಮದಲ್ಲಿ ಈ ಗಂಟು ಬಿಚ್ಚಿತು. ೧೯೮೦ರ ವಸತಿ ಕಾಯಿದೆಯ ಮೇಲೆ ಸಾರ್ವಜನಿಕ ಮನೆಗಳಲ್ಲಿ ಬಹಳಷ್ಟು ಬಾಡಿಗೆದಾರರ ಸ್ವಂತಕ್ಕೆ ಬಂದು, ಅಲ್ಲಿಂದ ಮುಕ್ತ ಮಾರುಕಟ್ಟೆಗೆ ಸೇರಿದುವು. ಇಂದು ಸ್ಟೀವನೇಜಿನಲ್ಲಿ ಮಲಗಿ ಲಂಡನ್ನಿನಲ್ಲಿ ದುಡಿಯುವವನೂ ಉಂಟು, ಲಂಡನ್ನಿನಲ್ಲಿದ್ದು ಸ್ಲೌವಿನಲ್ಲಿ ದುಡಿಯುವವನೂ ಉಂಟು. ಹೊಸದಾಗಿ ಬಂದ ವಲಸೆಗಾರನ ಸಮಸ್ಯೆ ಹುಟ್ಟುವುದು ಇಲ್ಲಿಯೇ. ಯೋಜಕರು ಒಮ್ಮೆ ಅವನ ಪರವಾಗಿ ಜೋಡಿಸಿಡುತ್ತಿದ್ದ ಮನೆಯನ್ನೂ ಕೆಲಸವನ್ನೂ ಈಗ ಅವನೇ ಜೋಡಿಸಿಕೊಳ್ಳಬೇಕು.

೨. ಮೂರು ಲೆಕ್ಕಗಳು

ಈ ಜೋಡಣೆಯಲ್ಲಿ ಮೂರು ಮೊತ್ತಗಳು ಮೂರು ಬೇರೆ ಬೇರೆ ನಿಯಮಗಳನ್ನು ಅನುಸರಿಸುತ್ತವೆ. ಬಾಡಿಗೆಯು ಮನೆಯಿರುವ ಸ್ಥಳವನ್ನು ಅನುಸರಿಸುತ್ತದೆ; ಸಂಬಳವು ಕೆಲಸದ ಸ್ಥಳವನ್ನು ಅನುಸರಿಸುತ್ತದೆ; ಪ್ರಯಾಣದ ವೆಚ್ಚ ಇವೆರಡರ ನಡುವಣ ಅಂತರವನ್ನು ಅನುಸರಿಸುತ್ತದೆ. ಈ ಭೇದವನ್ನು ಗಮನಿಸದೆ ಬರಿಯ ಬಾಡಿಗೆಗಳನ್ನು ಹೋಲಿಸಿ ನೋಡುವುದೇ ಸಾಮಾನ್ಯವಾಗಿ ಕಂಡುಬರುವ ದೋಷ.

ಸಂಬಳದ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ದುಡಿಯುವ ದಾದಿ ಮೊದಲಾದವರಿಗೆ ದುಬಾರಿ ಪ್ರದೇಶದ ಭತ್ಯವೊಂದುಂಟು. ಮೂಲವೇತನದ ಮೇಲೆ ಒಳಲಂಡನ್ನಿನಲ್ಲಿ ಶೇಕಡಾ ೨೦, ಹೊರಲಂಡನ್ನಿನಲ್ಲಿ ಶೇಕಡಾ ೧೫, ಅಂಚಿನ ಪ್ರದೇಶಗಳಲ್ಲಿ ಶೇಕಡಾ ೫ರಂತೆ, ಕನಿಷ್ಠ ಗರಿಷ್ಠ ಮಿತಿಗಳಿಗೆ ಒಳಪಟ್ಟು, ಇದನ್ನು ಕೊಡುತ್ತಾರೆ. ಇದನ್ನು ಗೊತ್ತುಮಾಡುವುದು ಆಸ್ಪತ್ರೆಯಿರುವ ಸ್ಥಳ, ದಾದಿಯ ಮನೆಯಲ್ಲ. ವಿದ್ಯಾರ್ಥಿಗಳ ವಿಷಯದಲ್ಲಿಯೂ ಹೀಗೆಯೇ. ವೀಸಾ ಬೇಡುವ ವಿದ್ಯಾರ್ಥಿ ಜೀವನನಿರ್ವಹಣೆಗೆ ಹಣವಿರುವುದನ್ನು ತೋರಿಸಬೇಕು. ೨೦೨೫ರ ಜನವರಿ ೨ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಈ ಮೊತ್ತ ಲಂಡನ್ನಿನಲ್ಲಿ ಓದುವವನಿಗೆ ತಿಂಗಳಿಗೆ ೧,೪೮೩ ಪೌಂಡು, ಹೊರಗೆ ಓದುವವನಿಗೆ ೧,೧೩೬ ಪೌಂಡು. ಗರಿಷ್ಠ ಒಂಬತ್ತು ತಿಂಗಳಿಗೆ ಇದನ್ನು ತೋರಿಸಬೇಕಾಗಿತ್ತು. ಅಂದರೆ ಒಟ್ಟಿನಲ್ಲಿ ೩,೧೨೩ ಪೌಂಡುಗಳ ಅಂತರ. (ಅದೇ ವರ್ಷದ ನವೆಂಬರಿನಲ್ಲಿ ಎರಡು ಮೊತ್ತಗಳನ್ನೂ ಹೆಚ್ಚಿಸಲಾಯಿತು.) ಇಲ್ಲಿಯೂ ಅಳತೆಗೋಲು ಓದುವ ಸ್ಥಳವೇ. ಸ್ಲೌವಿನಲ್ಲಿ ಅಗ್ಗದ ಕೋಣೆ ಹಿಡಿದು ಲಂಡನ್ನಿನಲ್ಲಿ ಓದುವವನು ಲಂಡನ್ನಿನ ದರದಲ್ಲಿಯೇ ಹಣ ತೋರಿಸಬೇಕು.

ಬಾಡಿಗೆಗೂ ಪ್ರಯಾಣಕ್ಕೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ವಿಲಿಯಂ ಅಲೊನ್ಸೊ ಮುಖ್ಯನು. ೧೯೬೪ರ ತನ್ನ ಗ್ರಂಥದಲ್ಲಿ ಅವನು, ನಗರದ ಕೇಂದ್ರದಿಂದ ದೂರ ಹೋದಂತೆ ಭೂಮಿಯ ಬೆಲೆ ಇಳಿಯುತ್ತದೆ, ಪ್ರಯಾಣದ ಭಾರ ಏರುತ್ತದೆ, ಪ್ರತಿಯೊಂದು ಸಂಸಾರವೂ ಇವೆರಡನ್ನು ತೂಗಿ ನೆಲೆಯನ್ನು ಆರಿಸುತ್ತದೆ ಎಂದು ತೋರಿಸಿಕೊಟ್ಟನು. ಲಂಡನ್ ಪ್ರದೇಶದಲ್ಲಿ ಈ ಇಳಿಜಾರು ನಯವಾಗಿಲ್ಲ. ಹಸಿರು ವಲಯದಲ್ಲಿ ಮನೆ ಕಟ್ಟುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿರುವುದರಿಂದ ಬೇಡಿಕೆಯು ಅದನ್ನು ದಾಟಿ ಆಚೆಯ ಊರುಗಳ ಮೇಲೆ ಬೀಳುತ್ತದೆ. ವೇಗದ ರೈಲಿರುವ ಊರಿನಲ್ಲಿ ಮನೆಯ ಬೆಲೆಯೂ ಅದಕ್ಕೆ ತಕ್ಕಂತೆ ಏರಿರುತ್ತದೆ. ಉಪಗ್ರಹ ನಗರವೆಂದ ಮಾತ್ರಕ್ಕೆ ಅಗ್ಗವೆಂದು ತಿಳಿಯಲಾಗದು.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಇಲ್ಲಿಯ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಂಡವು. ಹೊರಗಿನ ಊರಿನಲ್ಲಿ ಮನೆಯ ಬಾಡಿಗೆ ತಿಂಗಳಿಗೆ ೪೦೦ ಪೌಂಡು ಕಡಮೆಯೆಂದೂ, ಒಬ್ಬನ ಪ್ರಯಾಣಕ್ಕೆ ೩೦೦ ಪೌಂಡು ಹೆಚ್ಚು ಬೀಳುವುದೆಂದೂ, ದಿನಕ್ಕೆ ಒಂದೂವರೆ ಗಂಟೆ ಅಧಿಕವಾಗಿ ಕಳೆಯುವುದೆಂದೂ ಇಟ್ಟುಕೊಳ್ಳೋಣ. ತಿಂಗಳಲ್ಲಿ ೨೦ ದಿನ ಕೆಲಸವಾದರೆ, ಉಳಿಯುವುದು ೧೦೦ ಪೌಂಡು, ಕಳೆಯುವುದು ೩೦ ಗಂಟೆ. ಈ ವ್ಯಾಪಾರ ಲಾಭದ್ದೇ ಅಲ್ಲವೇ ಎಂಬುದನ್ನು ಅವನೇ ನಿರ್ಧರಿಸಬಹುದು. ಆದರೆ ಗಂಡಹೆಂಡಿರಿಬ್ಬರೂ ಲಂಡನ್ನಿಗೆ ಹೋಗಿ ದುಡಿಯುವುದಾದರೆ ಪ್ರಯಾಣಕ್ಕೆ ೬೦೦ ಪೌಂಡು ಬೇಕು. ಆಗ ಅಗ್ಗದ ಮನೆ ತಿಂಗಳಿಗೆ ೨೦೦ ಪೌಂಡು ನಷ್ಟವನ್ನು ತರುತ್ತದೆ. ಬಾಡಿಗೆಯ ಉಳಿತಾಯ ಸಂಸಾರಕ್ಕೊಂದೇ, ರೈಲಿನ ವೆಚ್ಚ ಪ್ರಯಾಣಿಕನೊಬ್ಬನಿಗೊಂದು. ಈ ಸಣ್ಣ ಸತ್ಯ ಅನೇಕರ ಲೆಕ್ಕದಿಂದ ಜಾರಿಹೋಗುತ್ತದೆ.

ರೈಲಿನ ವೆಚ್ಚದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ವಾರ್ಷಿಕ ಪಾಸಿನ ಬೆಲೆ ೪೦ ವಾರದ ಪಾಸುಗಳ ಬೆಲೆಗೆ ಸಮ. ಒಟ್ಟಿಗೆ ಹಣ ಕೊಡಬಲ್ಲವನಿಗೆ ಹನ್ನೆರಡು ವಾರಗಳ ಪ್ರಯಾಣ ಉಳಿತಾಯವಾದಂತೆ. ಹೊಸಬನ ಕೈಯಲ್ಲಿ ಅಷ್ಟು ಹಣವಿರುವುದಿಲ್ಲ. ಮನೆ ಹಿಡಿಯುವಾಗ ಮುಂಗಡ ಠೇವಣಿ ಕೊಟ್ಟಿರುತ್ತಾನೆ. ೨೦೧೯ರ ಕಾಯಿದೆಯಂತೆ, ವರ್ಷದ ಬಾಡಿಗೆ ೫೦,೦೦೦ ಪೌಂಡಿಗಿಂತ ಕಡಮೆಯಿರುವ ಮನೆಗಳಲ್ಲಿ, ಅದು ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲವೆಂಬುದು ನಿಜ. ಆದರೂ ಮೊದಲ ತಿಂಗಳುಗಳಲ್ಲಿ ಅವನು ವಾರದ ಅಥವಾ ತಿಂಗಳ ಪಾಸಿನ ಹೆಚ್ಚಿನ ದರವನ್ನೇ ತೆರುತ್ತಾನೆ. ವಾರಕ್ಕೆ ಎರಡು ಮೂರು ದಿನ ಮಾತ್ರ ಕಚೇರಿಗೆ ಹೋಗುವವರಿಗಾಗಿ, ೨೮ ದಿನಗಳಲ್ಲಿ ೮ ದಿನ ಪ್ರಯಾಣಿಸಬಹುದಾದ ಪಾಸು ೨೦೨೧ರಲ್ಲಿ ಬಂದಿತು. ಅಂಥವರ ಪಾಲಿಗೆ ಉಪಗ್ರಹ ನಗರದ ತಕ್ಕಡಿ ಸ್ವಲ್ಪ ಮೇಲಾಗಿದೆ.

೩. ಕಾಲದ ಅಂತರ

ದೂರವನ್ನು ಮೈಲಿಗಳಿಂದ ಅಳೆಯುವುದಕ್ಕಿಂತ ನಿಮಿಷಗಳಿಂದ ಅಳೆಯುವುದು ಉಚಿತ. ಸ್ಟೀವನೇಜಿನಿಂದ ಕಿಂಗ್ಸ್ ಕ್ರಾಸಿಗೆ ವೇಗದ ರೈಲು ಅರ್ಧ ಗಂಟೆಯೊಳಗೆ ತಲಪುತ್ತದೆ. ಹೊರಲಂಡನ್ನಿನ ಕೆಲವು ಬಡಾವಣೆಗಳಿಂದ ಕೇಂದ್ರಕ್ಕೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೆ ವೇಳಾಪಟ್ಟಿ ಹೇಳುವುದು ನಿಲ್ದಾಣದಿಂದ ನಿಲ್ದಾಣಕ್ಕೆ. ಮನುಷ್ಯನು ಹೋಗುವುದು ಮನೆಯಿಂದ ಕೆಲಸಕ್ಕೆ. ಎರಡು ಕೊನೆಗಳಲ್ಲಿಯೂ ನಡಿಗೆ, ಬಸ್ಸು, ಕಾಯುವಿಕೆ ಸೇರಿದರೆ ಅರ್ಧ ಗಂಟೆ ಒಂದು ಗಂಟೆಯಾಗುವುದು ಅಪರೂಪವಲ್ಲ. ಹೊಸ ಮಾರ್ಗಗಳಿಂದ ಈ ಅಂತರ ಬದಲಾಗುವುದೂ ಉಂಟು. ೨೦೨೨ರ ಮೇ ೨೪ರಂದು ಎಲಿಜಬೆತ್ ಮಾರ್ಗ ತೆರೆದು, ಅದೇ ನವೆಂಬರಿನಿಂದ ರೆಡಿಂಗ್ ಮತ್ತು ಸ್ಲೌ ಕಡೆಯ ಗಾಡಿಗಳು ಪ್ಯಾಡಿಂಗ್ಟನ್ನಿನಲ್ಲಿ ನಿಲ್ಲದೆ ನೇರವಾಗಿ ಲಂಡನ್ನಿನ ಮಧ್ಯಭಾಗಕ್ಕೆ ಓಡತೊಡಗಿದುವು. ಗಾಡಿ ಬದಲಾಯಿಸುವ ಶ್ರಮ ತಪ್ಪಿದ್ದರಿಂದ ಆ ಊರುಗಳು ನಕ್ಷೆಯಲ್ಲಿ ಇದ್ದಲ್ಲಿಯೇ ಇದ್ದು ರಾಜಧಾನಿಗೆ ಹತ್ತಿರವಾದುವು.

ಲಂಡನ್ನಿನ ರೈಲುಮಾರ್ಗಗಳು ಚಕ್ರದ ಅರಗಳಂತೆ ಕೇಂದ್ರದಿಂದ ಹೊರಟಿವೆ. ಆದಕಾರಣ ಒಂದು ಉಪಗ್ರಹದಿಂದ ರಾಜಧಾನಿಗೆ ಹೋಗುವುದು ಸುಲಭ. ಇನ್ನೊಂದು ಉಪಗ್ರಹಕ್ಕೆ ಹೋಗುವುದು ಕಷ್ಟ. ಗಂಡನಿಗೆ ಸ್ಲೌವಿನಲ್ಲಿಯೂ ಹೆಂಡತಿಗೆ ಹಾರ್ಲೋವಿನಲ್ಲಿಯೂ ಕೆಲಸ ದೊರೆತರೆ, ಇಬ್ಬರಿಗೂ ಸಮನಾದ ನೆಲೆ ರಾಜಧಾನಿಯೇ ಹೊರತು ಮೂರನೆಯ ಉಪಗ್ರಹವಲ್ಲ. ಒಬ್ಬನ ಕೆಲಸ ಮಾತ್ರ ಗೊತ್ತಾಗಿ, ಜೊತೆಗೆ ಹೋದವಳು ಅಲ್ಲಿಯೇ ಕೆಲಸ ಹುಡುಕಬೇಕಾದ ಸಂದರ್ಭದಲ್ಲಿ ಈ ಅಂಶಕ್ಕೆ ಇನ್ನೂ ಹೆಚ್ಚಿನ ತೂಕ ಕೊಡಬೇಕು.

೪. ಆಪತ್ತು ಮತ್ತು ಆಸರೆ

ಕೆಲಸ ಕಳೆದುಕೊಳ್ಳುವ ಸಂಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕುಶಲ ನೌಕರನ ವೀಸಾ ಹೊಂದಿದವನ ವಾಸದ ಹಕ್ಕು ಅವನ ಮಾಲೀಕನಿಗೆ ಕಟ್ಟಿಹಾಕಲ್ಪಟ್ಟಿರುತ್ತದೆ. ಕೆಲಸ ಹೋದರೆ ಹೊಸ ಮಾಲೀಕನನ್ನು ಹುಡುಕಲು ಸಾಮಾನ್ಯವಾಗಿ ದೊರೆಯುವ ಅವಧಿ ೬೦ ದಿನಗಳು ಮಾತ್ರ. ಆ ೬೦ ದಿನಗಳಲ್ಲಿ ಎಷ್ಟು ಬಾಗಿಲುಗಳನ್ನು ತಟ್ಟಬಹುದು ಎಂಬುದು ಊರಿನ ಗಾತ್ರವನ್ನೂ ಉದ್ಯಮಗಳ ವೈವಿಧ್ಯವನ್ನೂ ಅವಲಂಬಿಸಿದೆ. ೨೦೨೧ರ ಜನಗಣತಿಯಲ್ಲಿ ಲಂಡನ್ನಿನ ಜನಸಂಖ್ಯೆ ಸುಮಾರು ೮೮ ಲಕ್ಷ. ಕ್ರಾಲಿಯದು ಸುಮಾರು ೧ ಲಕ್ಷ ೧೮ ಸಾವಿರ. ಗ್ಯಾಟ್ವಿಕ್ ವಿಮಾನನಿಲ್ದಾಣ ಕ್ರಾಲಿಯ ಎಲ್ಲೆಯೊಳಗೇ ಇದ್ದು, ಆ ಊರಿನ ಸಂಪಾದನೆಗೆ ದೊಡ್ಡ ಆಧಾರವಾಗಿದೆ. ೨೦೨೦ರಲ್ಲಿ ಕೋವಿಡ್ ವ್ಯಾಧಿಯಿಂದ ವಿಮಾನಸಂಚಾರ ಸ್ತಬ್ಧವಾದಾಗ ಬ್ರಿಟನ್ನಿನಲ್ಲಿಯೇ ಹೆಚ್ಚು ಪೆಟ್ಟು ತಿಂದ ಊರುಗಳಲ್ಲಿ ಕ್ರಾಲಿಯೂ ಒಂದಾಯಿತು. ಒಂದೇ ಕಂಬದ ಮೇಲೆ ನಿಂತ ಚಪ್ಪರಕ್ಕೆ ಗಾಳಿಯ ಭಯ ಹೆಚ್ಚು.

ಹಣಕಾಸಿನ ಲೆಕ್ಕಕ್ಕೆ ಸಿಕ್ಕದ ಒಂದು ವಿಷಯ ಉಳಿಯುತ್ತದೆ. ಮೈಕೇಲ್ ಯಂಗ್ ಮತ್ತು ಪೀಟರ್ ವಿಲ್ಮಾಟ್ ೧೯೫೭ರಲ್ಲಿ ಪ್ರಕಟಿಸಿದ ಅಧ್ಯಯನವು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನಿನಿಂದ ನಗರದ ಹೊರಗಿನ ಹೊಸ ಬಡಾವಣೆಗೆ ಹೋದ ಸಂಸಾರಗಳನ್ನು ಪರಿಶೀಲಿಸಿತು. ಮನೆ ದೊಡ್ಡದಾಯಿತು, ತೋಟ ದೊರೆಯಿತು; ಆದರೆ ತಾಯಿಯೂ ಅಕ್ಕತಂಗಿಯರೂ ದೂರವಾಗಿ, ಹಗಲೆಲ್ಲ ಮನೆಯಲ್ಲಿರುವ ಹೆಂಗಸರು ಒಂಟಿಯಾದರು. ಒಂದೇ ಪ್ರದೇಶದೊಳಗೆ ಮನೆ ಬದಲಾಯಿಸಿದವರ ಪಾಡು ಇದು. ಸಮುದ್ರ ದಾಟಿ ಬಂದು, ಭಾಷೆಯೂ ಹವೆಯೂ ಹೊಸದಾಗಿರುವಲ್ಲಿ, ಗಂಡನು ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರುವ ಮನೆಯಲ್ಲಿ ಉಳಿಯುವವಳ ಸ್ಥಿತಿಯನ್ನು ಊಹಿಸಬಹುದು.

ಹಾಗೆಂದು ಆಸರೆ ರಾಜಧಾನಿಯಲ್ಲಿ ಮಾತ್ರ ದೊರೆಯುವುದೆಂದೇನೂ ಅಲ್ಲ. ೧೯೨೦ರಲ್ಲಿ ಸ್ಥಾಪಿತವಾದ ಕೈಗಾರಿಕಾ ವಸಾಹತಿನಿಂದ ಬೆಳೆದ ಸ್ಲೌವಿನಲ್ಲಿ ೨೦೨೧ರ ಗಣತಿಯಂತೆ ಅರ್ಧದ ಸಮೀಪ ಜನ ಏಷ್ಯ ಮೂಲದವರು. ದೇವಾಲಯ, ಗುರುದ್ವಾರ, ನಮ್ಮ ಬೇಳೆಕಾಳಿನ ಅಂಗಡಿ ಅಲ್ಲಿ ಕೈಗೆಟಕುವಂತಿವೆ. ಪರೀಕ್ಷೆಯಿಂದ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಸರ್ಕಾರಿ ಗ್ರಾಮರ್ ಶಾಲೆಗಳೂ ಅಲ್ಲಿರುವುದರಿಂದ, ಮಕ್ಕಳ ಓದನ್ನೇ ಮುಖ್ಯವೆಂದೆಣಿಸುವ ಸಂಸಾರಗಳು ಅದನ್ನು ಬಯಸಿ ಬರುವುದುಂಟು. ಆದಕಾರಣ ಉಪಗ್ರಹ ನಗರಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ತೀರ್ಪು ಕೊಡುವುದು ಸರಿಯಲ್ಲ.

೫. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ಈ ನಿರ್ಣಯಕ್ಕೆ ಬರಬಹುದು. ಕೆಲಸವೂ ಮನೆಯೂ ಒಂದೇ ಉಪಗ್ರಹ ನಗರದಲ್ಲಿ ದೊರೆತರೆ, ಹೊವರ್ಡನು ಕನಸು ಕಂಡ ಲಾಭ ಇಂದಿಗೂ ದೊರೆಯುತ್ತದೆ. ಅಂತಹವನು ರಾಜಧಾನಿಗೆ ಹಂಬಲಿಸಬೇಕಾದದ್ದಿಲ್ಲ. ಒಬ್ಬನೇ ಸಂಪಾದಿಸುವ, ಮಕ್ಕಳಿರುವ, ದೊಡ್ಡ ಮನೆ ಬೇಕಾದ ಸಂಸಾರಕ್ಕೆ, ವಾರದಲ್ಲಿ ಕೆಲವೇ ದಿನ ಪ್ರಯಾಣವಿದ್ದರೆ, ಹೊರಗಿನ ಊರು ಅನುಕೂಲವಾದೀತು. ಹಗಲಿನ ಆಸರೆ ಅಲ್ಲಿ ಏನಿದೆಯೆಂಬುದನ್ನು ಮಾತ್ರ ಮೊದಲೇ ವಿಚಾರಿಸಬೇಕು. ಇಬ್ಬರೂ ದುಡಿಯಬೇಕೆಂದಿರುವವರಿಗೆ, ಕೆಲಸ ಇನ್ನೂ ಸ್ಥಿರವಾಗದವರಿಗೆ, ಒಂಟಿಯಾಗಿ ಬಂದ ವಿದ್ಯಾರ್ಥಿಗೆ, ಇಕ್ಕಟ್ಟಾದರೂ ರಾಜಧಾನಿಯ ಕೋಣೆಯೇ ಮೇಲು. ಅವರು ತೆರುವ ಹೆಚ್ಚಿನ ಬಾಡಿಗೆಯಲ್ಲಿ ಒಂದು ಭಾಗ ವಿಮೆಯ ಕಂತೆಂದು ಭಾವಿಸಬಹುದು.

ಹೊರಡುವವರು ಬಾಡಿಗೆಯೆಷ್ಟು ಎಂದು ಮೊದಲು ಕೇಳುವುದು ವಾಡಿಕೆ. ಮನೆಯಿಂದ ಪ್ರತಿದಿನವೂ ಎಷ್ಟು ಮಂದಿ, ಎಲ್ಲಿಗೆ ಹೋಗಬೇಕು, ಮನೆಯಲ್ಲಿ ಉಳಿಯುವವರು ಯಾರು ಎಂಬ ಪ್ರಶ್ನೆಗಳನ್ನು ಅದಕ್ಕಿಂತ ಮುಂಚೆ ಕೇಳಿಕೊಂಡರೆ ಊರಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಸ್ಪಷ್ಟವಾಗುತ್ತದೆ.