ಹಿತ್ತಲಿಗೊಂದು ಹೊಂಡ

ಬೇಸಿಗೆ ಬಂದರೆ ಹನೂರು ಕಡೆ ಹಳ್ಳಗಳು ಒಣಗುತ್ತವೆ. ಕೊಳ್ಳೇಗಾಲ, ಯಳಂದೂರು ಕಡೆಯೂ ಮಳೆ ನಂಬಿದ ಊರುಗಳಿವೆ. ಅಲ್ಲೂ ನೀರಿಗೆ ಕಷ್ಟ. ಕೊಡ ಹೊತ್ತು ನಡೆಯುವವರು ಯಾರು? ನಾವೇ, ಹೆಂಗಸರು.

ಮಳೆ ಬಂದಾಗ ಏನಾಗುತ್ತದೆ? ಸೂರಿನ ನೀರು ಬೀದಿಗೆ ಹರಿದು ಹೋಗುತ್ತದೆ. ಲೆಕ್ಕ ಹಾಕೋಣ. ಮನೆ 25 ಅಡಿ ಉದ್ದ, 20 ಅಡಿ ಅಗಲ ಇದೆ ಅನ್ನಿ. ಒಂದು ಅಂಗುಲ ಮಳೆಗೆ ಸೂರಿನಿಂದ ಸುಮಾರು 1,000 ಲೀಟರ್ ನೀರು ಸಿಗುತ್ತದೆ. 15 ಲೀಟರಿನ ಕೊಡದಲ್ಲಿ ಅದು 65 ಕೊಡಕ್ಕೂ ಹೆಚ್ಚು!

ಈ ನೀರನ್ನು ಹಿತ್ತಲ ಹೊಂಡದಲ್ಲಿ ಹಿಡಿಯೋಣ. "ಗುಂಡೀಲಿ ನೀರು ನಿಲ್ತದೇನವ್ವ? ಎರಡೇ ದಿನಕ್ಕೆ ಇಂಗೋಯ್ತದೆ" ಅಂತೀರಾ? ನಿಜ. ಹೊಂಡದ ನೀರಿಗೆ ಇಬ್ಬರು ಕಳ್ಳರು. ಒಬ್ಬ ಬಿಸಿಲು, ಇನ್ನೊಬ್ಬ ನೆಲ.

ಬಿಸಿಲಿಗೆ ಮದ್ದು ಆಳ. ತಟ್ಟೆಯ ನೀರು ಬೇಗ ಆರುತ್ತದೆ. ಚೊಂಬಿನ ನೀರು ನಿಧಾನ ಆರುತ್ತದೆ. ಹಿಮ ಬೀಳುವ ದೇಶಗಳಲ್ಲೂ ಹಿತ್ತಲ ಕೊಳವನ್ನು ಆಳವಾಗಿಯೇ ತೋಡುತ್ತಾರೆ. ಅಲ್ಲಿ ಚಳಿಗೆ ಮೇಲಿನ ನೀರು ಗಡ್ಡೆ ಕಟ್ಟುತ್ತದೆ. ಅಡಿಯ ನೀರಲ್ಲಿ ಮೀನು ಬದುಕಿರುತ್ತದೆ. ಅಲ್ಲಿ ಚಳಿ, ಇಲ್ಲಿ ಬಿಸಿಲು. ಎರಡಕ್ಕೂ ಆಳವೇ ಬೇಕು.

ಹೊಂಡ ಮಾಡೋದು ಹೇಗೆ?

1. ಮನೆಯ ಗೋಡೆಯಿಂದ, ಕಕ್ಕಸು ಗುಂಡಿಯಿಂದ ದೂರ ಜಾಗ ನೋಡಿ.

2. ಮೇಲೆ 12 ಅಡಿ ಉದ್ದ, 12 ಅಡಿ ಅಗಲ ಇರಲಿ. ಆಳ 5 ಅಡಿ. ತಳದಲ್ಲಿ 6 ಅಡಿ ಉದ್ದ, 6 ಅಡಿ ಅಗಲ. ಬದಿ ಇಳಿಜಾರಾಗಿದ್ದರೆ ಮಣ್ಣು ಕುಸಿಯುವುದು ಕಡಿಮೆ. ಇದರಲ್ಲಿ ಸಾವಿರಾರು ಲೀಟರ್ ನೀರು ಹಿಡಿಯುತ್ತದೆ.

3. ತಳಕ್ಕೂ ಬದಿಗೂ ಜೇಡಿಮಣ್ಣು ಅರ್ಧ ಅಡಿ ಹಾಕಿ. ನೀರು ಚಿಮುಕಿಸಿ, ಚೆನ್ನಾಗಿ ತುಳಿದು ಗಟ್ಟಿ ಮಾಡಿ. ಜೇಡಿ ಪೂರ್ತಿ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ತಳದಲ್ಲಿ ಸ್ವಲ್ಪ ನೀರು ಉಳಿಸಿ. ಮರಳು ನೆಲವಾದರೆ ಕಲ್ಲು ಆರಿಸಿ ತೆಗೆದು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ.

4. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ಅದರಲ್ಲಿ ಸೂರಿನ ಕಸ, ದೂಳು ಇರುತ್ತದೆ.

5. ಮೇಲೆ ಗಳ ಹಾಕಿ, ತೆಂಗಿನ ಗರಿ ಹೊದಿಸಿ. ನೆರಳಿದ್ದರೆ ನೀರು ಉಳಿಯುತ್ತದೆ.

ಸೊಳ್ಳೆ ಬರುವುದಿಲ್ಲವೇ? ಬರುತ್ತದೆ. ಗಪ್ಪಿ ಮೀನು ಬಿಡಿ. ಅದು ಸೊಳ್ಳೆಯ ಮರಿಹುಳ ತಿನ್ನುತ್ತದೆ. ಊರಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ.

ಎಲ್ಲಕ್ಕಿಂತ ದೊಡ್ಡ ಮಾತು ಒಂದಿದೆ. ಬೇಲಿ ಇಲ್ಲದ ಹೊಂಡಕ್ಕೆ ಮಕ್ಕಳು ಬಿದ್ದು ಸಾಯುತ್ತಾರೆ. ಗರಿಯ ಮುಚ್ಚಿಗೆ ಮಗುವಿನ ಭಾರ ತಡೆಯದು. ಬೇಲಿ ಮೊದಲು, ನೀರು ಆಮೇಲೆ. ಬೇಲಿಗೆ ಬಾಗಿಲಿರಲಿ, ಬಾಗಿಲಿಗೆ ಚಿಲಕವಿರಲಿ.

ಈ ನೀರು ಕುಡಿಯಲು ಬೇಡ. ಸೊಪ್ಪು, ಬದನೆ, ನುಗ್ಗೆಗೆ ಹಾಕಿ. ಅಷ್ಟು ಕೊಡ ಹೊರುವುದು ನಮಗೆ ತಪ್ಪುತ್ತದೆ.

ಕಾವೇರಿಯ ಆಚೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿ ಇದೆ. ಅಲ್ಲಿನ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಪ್ರಾಣಿ, ಪಕ್ಷಿಗಳಿಗೆಂದು ಬೆಟ್ಟದಲ್ಲಿ ಕಟ್ಟೆಗಳನ್ನು ಮಾಡಿದರು. 2022ರಲ್ಲಿ ತೀರಿಕೊಂಡರು. ಅವರು ಬೆಟ್ಟದಲ್ಲಿ ಮಾಡಿದ್ದನ್ನು ನಾವು ಹಿತ್ತಲಲ್ಲಿ ಮಾಡಲಾರೆವೇ?

ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಹೆಚ್ಚು. ಅದಕ್ಕೆ ಮುಂಚೆಯೇ ನಾಲ್ಕು ಮನೆಯವರು ಸೇರಿ ಗುದ್ದಲಿ ಹಿಡಿಯೋಣ.