ನಿಲ್ಲಿಸದೆ ಆವೃತ್ತಿ ಬದಲಿಸುವುದು: ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲ್ದರ್ಜೆಗೇರಿಸುವಿಕೆ

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮುಖ್ಯ ಆವೃತ್ತಿ ವರ್ಷಕ್ಕೊಂದರಂತೆ ಬರುತ್ತದೆ. ಒಂದೊಂದಕ್ಕೂ 5 ವರ್ಷ ದುರಸ್ತಿ ಸಿಗುತ್ತದೆ. ಆಮೇಲೆ ಭದ್ರತಾ ಲೋಪ ಪತ್ತೆಯಾದರೂ ತೇಪೆ ಹಾಕುವವರಿಲ್ಲ. ಹಾಗಾಗಿ ಹಗಲುರಾತ್ರಿ ವಹಿವಾಟು ನಡೆಸುವ ಸಂಸ್ಥೆಗಳೂ ಆಗಾಗ ಮೇಲಿನ ಆವೃತ್ತಿಗೆ ಹೋಗಲೇಬೇಕು.

ಒಂದೇ ಮುಖ್ಯ ಆವೃತ್ತಿಯೊಳಗೆ, ಉದಾಹರಣೆಗೆ 16.3ರಿಂದ 16.4ಕ್ಕೆ ಹೋಗುವುದು ದೊಡ್ಡ ಕೆಲಸವಲ್ಲ. ತಂತ್ರಾಂಶ ಬದಲಿಸಿ ಸರ್ವರನ್ನು ಮತ್ತೆ ಚಾಲೂ ಮಾಡಿದರೆ ಮುಗಿಯಿತು. 13ರಿಂದ 17ಕ್ಕೆ ಹೋಗುವುದು ಬೇರೆಯೇ ಮಾತು. ಯಾವ ಟೇಬಲ್ ಎಲ್ಲಿದೆ, ಅದರ ಕಾಲಂಗಳು ಯಾವುವು ಎಂದು ಡೇಟಾಬೇಸ್ ತನಗಾಗಿ ಇಟ್ಟುಕೊಳ್ಳುವ ಕ್ಯಾಟಲಾಗಿನ ರಚನೆಯೇ ಮುಖ್ಯ ಆವೃತ್ತಿಗಳ ನಡುವೆ ಬದಲಾಗಿರುತ್ತದೆ. ಹಳೆಯ ಕಡತಗಳನ್ನು ಹೊಸ ಸರ್ವರ್ ತೆರೆಯಲು ಒಪ್ಪುವುದಿಲ್ಲ.

ಎಲ್ಲವನ್ನೂ ಡಂಪ್ ಮಾಡಿ ಹೊಸದಕ್ಕೆ ತುಂಬುವುದು ಹಳೆಯ ವಿಧಾನ. ದತ್ತಾಂಶ ನೂರಾರು ಗಿಗಾಬೈಟ್ ಇದ್ದರೆ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟುವುದಕ್ಕೇ ಗಂಟೆಗಳು ಹಿಡಿಯುತ್ತವೆ. ಪಿಜಿ-ಅಪ್‌ಗ್ರೇಡ್ ಎಂಬ ಸಾಧನ ಕ್ಯಾಟಲಾಗನ್ನು ಮಾತ್ರ ಹೊಸದಾಗಿ ಬರೆದು, ದತ್ತಾಂಶದ ಕಡತಗಳನ್ನು ಇದ್ದಂತೆಯೇ ಬಳಸಿಕೊಳ್ಳುತ್ತದೆ. ಅದರ ಲಿಂಕ್ ವಿಧಾನದಲ್ಲಿ ಕಡತಗಳ ನಕಲೂ ಆಗುವುದಿಲ್ಲ, ಕೆಲಸ ನಿಮಿಷಗಳಲ್ಲಿ ಮುಗಿಯಬಲ್ಲದು. ಆದರೆ ಹೊಸ ಸರ್ವರ್ ಒಮ್ಮೆ ಚಾಲೂ ಆದರೆ ಹಳೆಯದನ್ನು ನೆಚ್ಚುವಂತಿಲ್ಲ. ಹಿಂದಿರುಗಲು ಬ್ಯಾಕಪ್ ಒಂದೇ ಗತಿ. ಇನ್ನೊಂದು ತೊಡಕೂ ಇದೆ. 18ಕ್ಕಿಂತ ಮೊದಲಿನ ಆವೃತ್ತಿಗಳಿಗೆ ಹೋಗುವಾಗ ಕ್ವೆರಿಯ ದಾರಿ ಆರಿಸಲು ಬಳಸುವ ಟೇಬಲ್‌ಗಳ ಅಂಕಿಅಂಶ ಜೊತೆಗೆ ಬರುವುದಿಲ್ಲ. ಅನಲೈಸ್ ಆಜ್ಞೆ ಓಡಿಸಿ ಅವನ್ನು ಮತ್ತೆ ಸಂಗ್ರಹಿಸುವವರೆಗೆ ಕ್ವೆರಿಗಳು ತಪ್ಪು ದಾರಿ ಹಿಡಿದು ತೆವಳಬಹುದು. ಬಳಕೆದಾರನ ಪಾಲಿಗೆ ಅದೂ ನಿಲುಗಡೆಯೇ. ಇಷ್ಟಿದ್ದರೂ ರಾತ್ರಿ ಅರ್ಧ ಗಂಟೆ ಬಾಗಿಲು ಮುಚ್ಚಬಲ್ಲ ಸಂಸ್ಥೆಗೆ ಈ ದಾರಿಯೇ ಸಾಕು.

ಅಷ್ಟೂ ಬಿಡುವಿಲ್ಲದವರಿಗೆ ಲಾಜಿಕಲ್ ರೆಪ್ಲಿಕೇಶನ್ ಇದೆ. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಇದು ಪೋಸ್ಟ್‌ಗ್ರೆಸ್‌ನ ಒಳಗೇ ಸಿಗುತ್ತದೆ. ಸಾಮಾನ್ಯ ಪ್ರತಿಕೃತಿ ಸರ್ವರ್ ಡಿಸ್ಕಿನ ಬೈಟುಗಳನ್ನೇ ಅನುಸರಿಸುವುದರಿಂದ ಎರಡೂ ಕಡೆ ಒಂದೇ ಮುಖ್ಯ ಆವೃತ್ತಿ ಇರಬೇಕು. ಇಲ್ಲಿ ಹಾಗಲ್ಲ: ‘ಈ ಸಾಲು ಸೇರಿತು, ಈ ಸಾಲು ಬದಲಾಯಿತು’ ಎಂಬ ರೂಪದಲ್ಲಿ ಬದಲಾವಣೆಗಳು ಹೋಗುವುದರಿಂದ 13 ಹೇಳಿದ್ದು 17ಕ್ಕೆ ಅರ್ಥವಾಗುತ್ತದೆ. ಮೊದಲು ಹೊಸದರಲ್ಲಿ ಟೇಬಲ್‌ಗಳ ವಿನ್ಯಾಸ ಸಿದ್ಧಪಡಿಸಬೇಕು; ಆಮೇಲೆ ಇರುವ ಸಾಲುಗಳ ನಕಲು, ಅನಂತರ ಆಗುತ್ತಿರುವ ಬದಲಾವಣೆಗಳು ಹೋಗುತ್ತವೆ. ದಿನಗಟ್ಟಲೆ ಹಿಡಿದರೂ ಹಳೆಯ ಸರ್ವರ್ ವಹಿವಾಟು ನಡೆಸುತ್ತಲೇ ಇರುತ್ತದೆ.

ನಿಜವಾದ ಕಷ್ಟವಿರುವುದು ಈ ಸಾಗಣೆ ಬಿಟ್ಟುಹೋಗುವ ವಸ್ತುಗಳಲ್ಲಿ. ನಡುವೆ ಯಾರಾದರೂ ಹಳೆಯದರಲ್ಲಿ ಕಾಲಂ ಸೇರಿಸಿದರೆ ಹೊಸದಕ್ಕೆ ಅದರ ಸುದ್ದಿಯಿಲ್ಲ. ಸಾಲನ್ನು ಗುರುತಿಸುವ ಪ್ರೈಮರಿ ಕೀ ಅಥವಾ ಅದಕ್ಕೆ ಬದಲಿ ಗುರುತು ಇಲ್ಲದ ಟೇಬಲಿನಲ್ಲಿ ತಿದ್ದುವಿಕೆ, ಅಳಿಸುವಿಕೆಗಳು ಹಳೆಯ ಸರ್ವರಿನಲ್ಲೇ ವಿಫಲವಾಗುತ್ತವೆ. ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳ ಮೌಲ್ಯವನ್ನೂ ಕೈಯಾರೆ ಮುಂದಕ್ಕೆ ಸರಿಸಬೇಕು. ಮರೆತರೆ ಹೊಸ ಸರ್ವರ್ ಮೊದಲ ಆರ್ಡರಿಗೆ 1 ಎಂಬ ಸಂಖ್ಯೆ ಕೊಡಹೋಗಿ, ಅದು ಈಗಾಗಲೇ ಇದೆ ಎಂಬ ದೋಷದಲ್ಲಿ ನಿಲ್ಲುತ್ತದೆ.

ಬದಲಾವಣೆಯ ಗಳಿಗೆಯಲ್ಲಿ ಬರವಣಿಗೆಯನ್ನು ತಡೆದು, ಕೊನೆಯ ಸಾಲು ದಾಟಿದ್ದನ್ನು ಖಚಿತಪಡಿಸಿಕೊಂಡು, ಸೀಕ್ವೆನ್ಸ್ ಸರಿಪಡಿಸಿ, ಅಪ್ಲಿಕೇಶನ್ನುಗಳನ್ನು ಹೊಸ ವಿಳಾಸಕ್ಕೆ ತಿರುಗಿಸುತ್ತಾರೆ. ಅಪ್ಲಿಕೇಶನ್ನು ಮತ್ತು ಡೇಟಾಬೇಸಿನ ನಡುವೆ ಸಂಪರ್ಕಗಳನ್ನು ನಿಭಾಯಿಸುವ ಪಿಜಿಬೌನ್ಸರ್ ಇದ್ದರೆ ಅದರ ಪಾಜ್ (PAUSE) ಆಜ್ಞೆ ಬಂದ ಕ್ವೆರಿಗಳನ್ನು ತಡೆಹಿಡಿದಿರುತ್ತದೆ. ಬಳಕೆದಾರರಿಗೆ ದೋಷದ ಬದಲು ಕೆಲವು ಸೆಕೆಂಡುಗಳ ವಿಳಂಬ ಕಾಣುತ್ತದೆ. ಬಾಗಿಲು ತೆರೆಯುವ ಮುನ್ನ ಹೊಸದರಿಂದ ಹಳೆಯದಕ್ಕೆ ಹಿಮ್ಮುಖ ರೆಪ್ಲಿಕೇಶನ್ ಹೂಡುವುದು ಜಾಣತನ. ಎರಡು ದಿನದ ನಂತರ ಹೊಸ ಆವೃತ್ತಿ ಕೈಕೊಟ್ಟರೂ ಆ ಎರಡು ದಿನದ ವಹಿವಾಟು ಕಳೆಯದೆ ಹಿಂದಿರುಗಬಹುದು.

ಆದರೆ ಇಲ್ಲೊಂದು ಎಚ್ಚರ ಬೇಕು: ರೆಪ್ಲಿಕೇಶನ್‌ಗಾಗಿ ತೆರೆದ ಸ್ಲಾಟ್, ಆಚೆಯ ಸರ್ವರ್ ಓದಿ ಮುಗಿಸುವ ತನಕ ಬದಲಾವಣೆಗಳ ಲಾಗ್ ಕಡತಗಳನ್ನು ಅಳಿಸಲು ಬಿಡುವುದಿಲ್ಲ. ಹಿಮ್ಮುಖ ಸ್ಲಾಟನ್ನು ತೆಗೆಯದೆ ಹಳೆಯ ಯಂತ್ರವನ್ನು ಆರಿಸಿಬಿಟ್ಟರೆ, ಹೊಸ ಸರ್ವರಿನ ಡಿಸ್ಕ್ ಸದ್ದಿಲ್ಲದೆ ತುಂಬುತ್ತಾ ಹೋಗಿ ಕೊನೆಗೆ ಅದೂ ನಿಲ್ಲುತ್ತದೆ.